ಕುಷ್ಟಗಿಯ ಕಾಫಿ ಯಂತ್ರ ಮತ್ತು ಒಂದು ಬಕೀಟು ನೀರು

ಕೊರೊನಾ ಹಾವಳಿ ಮುಗಿದು ಎರಡು ವರ್ಷವಾಗಿತ್ತು. ಆಗ ನಾನು ಹುಬ್ಬಳ್ಳಿಯ ಒಬ್ಬ ಕಾಫಿ ಯಂತ್ರದ ಡೀಲರ್ ಹತ್ತಿರ ಸರ್ವಿಸ್ ಟೆಕ್ನಿಷಿಯನ್ ಆಗಿದ್ದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಮತ್ತು ಇವುಗಳ ನಡುವಿನ ರಸ್ತೆಗಳು ನನ್ನ ಪಾಲಿಗೆ ಬಂದಿದ್ದವು. ಮನೆ ಕೊಪ್ಪಳದಲ್ಲಿತ್ತು. ಬೈಕು ನನ್ನದು, ಪಾನಾ ಪಕ್ಕಡದ ಚೀಲ ಡೀಲರ್‌ದು. ನಮ್ಮ ಕಡೆ ಎಸ್ಪ್ರೆಸ್ಸೋ ಕುಡಿಯುವವರು ಯಾರಿದ್ದಾರೆ ಎಂದು ಹುಬ್ಬಳ್ಳಿಯವರು ನಗುತ್ತಿದ್ದರು. ಆದರೆ ಹೆದ್ದಾರಿಗೆ ಕಾರುಗಳು ಬಂದ ಹಾಗೆ ಕೆಫೆಗಳೂ ಬಂದವು. ನನ್ನ ಪಟ್ಟಿಯಲ್ಲಿ ಹನ್ನೊಂದು ಯಂತ್ರಗಳಾದವು.

ಈ ಕೆಲಸಕ್ಕೆ ನಾನು ಬಂದದ್ದು ಬಳಸುದಾರಿಯಿಂದ. ಅದಕ್ಕೂ ಮೊದಲು ಹದಿನಾರು ವರ್ಷ ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಂಡಿದ್ದೆ. ಭತ್ತವನ್ನು ಆವಿಯಲ್ಲಿ ಬೇಯಿಸುವ, ಹೊಟ್ಟು ಉರಿಸುವ, ಒಂದು ಕೋಣೆಯಷ್ಟು ದೊಡ್ಡ ಬಾಯ್ಲರ್ ಅದು. ಗಿರಣಿಯ ಬಾಯ್ಲರ್‌ಗೂ ಕೆಫೆಯ ಬಾಯ್ಲರ್‌ಗೂ ಗಾತ್ರದಲ್ಲಿ ಎಮ್ಮೆಗೂ ಇಲಿಗೂ ಇರುವಷ್ಟು ಅಂತರವಿದ್ದರೂ ಬುದ್ಧಿ ಒಂದೇ. ನೀರು, ಬೆಂಕಿ, ಆವಿ ಇಷ್ಟೇ ಆಟ. ನನಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ದಿನಕ್ಕೆ ಹತ್ತು ಸಲ ಒಂದೇ ಮಾತು ಹೇಳುತ್ತಿದ್ದ: "ಮದ್ಲ ನೀರು ನೋಡು, ಆಮ್ಯಾಲ ಬೆಂಕಿ ನೋಡು." ಗಿರಣಿಯ ಬಾಯ್ಲರ್‌ಗೆ ಗಾಜಿನ ಕೊಳವೆ ಇರುತ್ತದೆ, ಒಳಗೆ ನೀರು ಎಷ್ಟಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ನೀರಿನ ಗುಣವನ್ನು ನಾವು ನಾಲಗೆಯಿಂದ ನೋಡುತ್ತಿದ್ದೆವು. ಒಂದು ಹನಿ ನಾಲಗೆಗೆ ಇಟ್ಟರೆ ಸವಳೋ ಸಿಹಿಯೋ ಗೊತ್ತಾಗುತ್ತಿತ್ತು. ಈ ನಾಲಗೆಯ ಬಗ್ಗೆ ನನಗೆ ಭಾರಿ ಹೆಮ್ಮೆ ಇತ್ತು. ಹೆಮ್ಮೆ ಇದ್ದಲ್ಲಿ ಪೆಟ್ಟು ತಪ್ಪುವುದಿಲ್ಲ ಎಂಬುದು ಮುಂದೆ ಗೊತ್ತಾಯಿತು.

ಕುಷ್ಟಗಿಯ ಹೆದ್ದಾರಿ ಪಕ್ಕದ ಆ ಕೆಫೆ ಶರಣಪ್ಪ ಎಂಬುವವರದು. ಬೀಜ, ಗೊಬ್ಬರದ ವ್ಯಾಪಾರ ಮಾಡುವ ಮನೆತನ. ವಯಸ್ಸು ಐವತ್ತರ ಹತ್ತಿರ. ಮಾತಿನಲ್ಲಿ ಒಳ್ಳೆಯವರು, ನಗುವಾಗ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಯಂತ್ರ ನಡೆಸುತ್ತಿದ್ದವಳು ರೇಣುಕಾ, ಮೂವತ್ತೈದರ ಆಸುಪಾಸಿನ ಹೆಂಗಸು. ಊರಿನ ಸಾಲಿಯಲ್ಲಿ ಬಿಸಿಯೂಟದ ಅಡುಗೆ ಮಾಡಿಕೊಂಡಿದ್ದವಳನ್ನು ಶರಣಪ್ಪನವರು ಕರೆತಂದು, ಹುಬ್ಬಳ್ಳಿಗೆ ಹತ್ತು ದಿನದ ತರಬೇತಿಗೆ ಕಳಿಸಿದ್ದರು. ಆ ತಂಡದಲ್ಲಿ ನಲವತ್ತು ಜನರ ಅಡುಗೆ ಮಾಡಿ ಗೊತ್ತಿದ್ದವಳು ಅವಳೊಬ್ಬಳೇ ಎಂದು ಕಲಿಸಿದವರು ನನ್ನ ಮುಂದೆ ಹೇಳಿದ್ದರು. ಹಾಲಿನ ನೊರೆ ಎಬ್ಬಿಸುವುದನ್ನು ಎರಡನೇ ದಿನಕ್ಕೆ ಕಲಿತಳಂತೆ. ಕೆಫೆ ದಸರೆಗೆ ಶುರುವಾಯಿತು. ಹೆದ್ದಾರಿಯ ಚಾಲಕರು "ಅಕ್ಕನ ಕಾಫಿ" ಎಂದು ಹೆಸರಿಟ್ಟು ಗಾಡಿ ನಿಲ್ಲಿಸಲು ಹತ್ತಿದರು. ಸೀರೆಯ ಮೇಲೆ ಕಪ್ಪು ಏಪ್ರನ್, ತಲೆಗೆ ಟೊಪ್ಪಿಗೆ. ಆ ಟೊಪ್ಪಿಗೆಯನ್ನು ಅವಳು ಮನೆಗೆ ಹೋಗುವಾಗಲೂ ತೆಗೆಯುತ್ತಿರಲಿಲ್ಲ ಎಂದು ಶರಣಪ್ಪನವರು ನಗುತ್ತ ಹೇಳಿದ್ದರು.

ಮಾರ್ಚ್ ತಿಂಗಳ ಮೊದಲ ವಾರ ಶರಣಪ್ಪನವರ ಫೋನ್ ಬಂತು. ಆವಿಗೆ ಜೋರಿಲ್ಲ, ಹಾಲು ನೀರಾಗುತ್ತದೆ, ನೊರೆ ನಿಲ್ಲುವುದಿಲ್ಲ ಎಂಬ ದೂರು. ಮರುದಿನ ಹೋದೆ.

ಯಂತ್ರದ ಬಗ್ಗೆ ಎರಡು ಮಾತು ಹೇಳದೆ ಮುಂದಿನದು ತಿಳಿಯುವುದಿಲ್ಲ. ಅದರ ಹೊಟ್ಟೆಯಲ್ಲಿ ಹನ್ನೊಂದು ಲೀಟರ್ ಹಿಡಿಯುವ ತಾಮ್ರದ ಬಾಯ್ಲರ್ ಇದೆ. ಅದರಲ್ಲಿ ಏಳು ಲೀಟರ್ ನೀರು ಇರಬೇಕು, ಮೇಲಿನ ನಾಲ್ಕು ಲೀಟರ್ ಜಾಗ ಖಾಲಿ ಇರಬೇಕು. ಆವಿ ಕೂಡುವುದು ಆ ಖಾಲಿ ಜಾಗದಲ್ಲಿ. ಒತ್ತಡ ಸುಮಾರು ಒಂದು ಬಾರ್, ಅಂದರೆ ಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಇರುವಷ್ಟು. ಪಕ್ಕದಲ್ಲಿ ಒಂದು ಉದ್ದ ಕೊಳವೆ ಇರುತ್ತದೆ. ಅದನ್ನು ಹಾಲಿನಲ್ಲಿ ಅದ್ದಿ ಗುಂಡಿ ತಿರುವಿದರೆ ಒಣ ಆವಿ ಹೊರಬಂದು ಹಾಲು ಬಿಸಿಯಾಗಿ ನೊರೆ ಏಳುತ್ತದೆ. ಆವಿಯ ಜೊತೆ ನೀರು ಬಂದರೆ ಹಾಲು ತೆಳ್ಳಗಾಗುತ್ತದೆ. ನೀರು ಜೋರಾಗಿ ಬಂದರೆ ಕೈ ಸುಡುತ್ತದೆ.

ನಮ್ಮ ಜಿಲ್ಲೆಯಲ್ಲಿ ಆವಿಯ ದೂರು ಬಂದರೆ ಟೆಕ್ನಿಷಿಯನ್ ಯೋಚನೆ ಮಾಡುವ ಕೆಲಸವೇ ಇಲ್ಲ. ಬೋರಿನ ನೀರು ಗಡಸು. ಒಂದು ವರ್ಷಕ್ಕೆ ಬಾಯ್ಲರ್ ಒಳಗೆ ಸುಣ್ಣ ಬಳಿದ ಗೋಡೆಯಂತೆ ಬಿಳಿ ಪದರು ಕಟ್ಟುತ್ತದೆ. ನನ್ನ ಹನ್ನೊಂದು ಯಂತ್ರಗಳಲ್ಲಿ ಒಂಬತ್ತರ ರೋಗ ಅದೇ ಆಗಿತ್ತು. ಆದರೂ ಪದ್ಧತಿಯಂತೆ ಕೇಳಿದೆ.

"ನೀರು ಯಾವುದು ಹಾಕ್ತೀರಿ ಶರಣಪ್ಪಾರ?"

"ಫಿಲ್ಟರ್ ನೀರು ರೀ ಸಾಹೇಬ್ರ. ಕುಡೀರಿ, ಕುಡದು ನೋಡ್ರಿ." ಒಂದು ಗ್ಲಾಸು ಮುಂದಿಟ್ಟರು.

ಕುಡಿದೆ. ಸಿಹಿ ನೀರು. ನಾಲಗೆ ಪಾಸು ಮಾಡಿತು. ಆದರೂ ಎಲ್ಲರೂ ಹೀಗೇ ಹೇಳುತ್ತಾರೆ, ಟೆಕ್ನಿಷಿಯನ್‌ಗೆ ಕೊಡುವ ನೀರೇ ಬೇರೆ, ಯಂತ್ರಕ್ಕೆ ಹಾಕುವ ನೀರೇ ಬೇರೆ ಎಂಬುದು ನನ್ನ ಅನುಭವ. ಚೀಲದಲ್ಲಿ ಟಿಡಿಎಸ್ ಮೀಟರ್ ಇತ್ತು. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ, ಪೆನ್ನಿನಷ್ಟು ಸಣ್ಣ ಉಪಕರಣ. ಅದನ್ನು ಹೊರತೆಗೆಯಲಿಲ್ಲ. ಬಾಯ್ಲರ್ ತಣಿಸಿ, ನೀರು ಹೊರಬಿಟ್ಟು, ಸುಣ್ಣ ಕರಗಿಸುವ ಲಿಂಬೆಹುಳಿಯ ಪುಡಿ ಕಲಸಿದ ನೀರು ತುಂಬಿಸಿ, ಎರಡು ತಾಸು ಇಟ್ಟು, ತೊಳೆದೆ. ಒತ್ತಡದ ಸ್ವಿಚ್ಚನ್ನೂ ಬದಲಿಸಿದೆ. ಬಂದ ಸುಣ್ಣ ಒಂದು ಚಮಚೆಯೂ ಇರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಯಂತ್ರ ಚಾಲೂ ಮಾಡಿದರೆ ಆವಿ ಛಲೋ ಬಂತು. ರೇಣುಕಾ ಕೊಟ್ಟ ಕಾಫಿ ಕುಡಿದು ಕೊಪ್ಪಳಕ್ಕೆ ಬಂದೆ.

ನಾಲ್ಕೇ ದಿನಕ್ಕೆ ಮತ್ತೆ ಫೋನ್. ಈ ಸಲ ರೇಣುಕಾಳ ಮಣಿಕಟ್ಟು ಸುಟ್ಟಿತ್ತು. ಕೊಳವೆ ತಿರುವಿದ ಕೂಡಲೇ ಕುದಿಯುವ ನೀರು ಚಿಮ್ಮಿತಂತೆ.

ಎರಡನೇ ಭೇಟಿಯ ಬಗ್ಗೆ ಬರೆಯುವಾಗ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಅಂದು ಮಧ್ಯಾಹ್ನ ಯಲಬುರ್ಗಾದಲ್ಲಿ ಇನ್ನೊಂದು ಕೆಲಸವಿತ್ತು, ಅವಸರದಲ್ಲಿದ್ದೆ. ಹೋಗಿ ನಾನೇ ಕೊಳವೆ ತಿರುವಿದೆ. ಮೊದಲು ಸ್ವಲ್ಪ ನೀರು, ಆಮೇಲೆ ಚೊಕ್ಕ ಆವಿ. ಒತ್ತಡದ ಮುಳ್ಳು ಸರಿಯಾಗಿ ಒಂದು ಬಾರ್ ಮೇಲೆ ನಿಂತಿತ್ತು. ಹಾಲು ಹಿಡಿದೆ, ನೊರೆ ಬಂತು. ನನ್ನ ಕೈಯಲ್ಲಿ ಏನೂ ತೊಂದರೆ ಇಲ್ಲ, ಅವಳ ಕೈಯಲ್ಲಿ ಮಾತ್ರ ತೊಂದರೆ ಅಂದರೆ ಅರ್ಥ ಏನು? ಕೊಳವೆಯಲ್ಲಿ ತಣಿದು ನಿಂತ ನೀರನ್ನು ಮೊದಲು ಬಟ್ಟೆಯಲ್ಲಿ ಹಿಡಿದು ಬಿಟ್ಟು ಆಮೇಲೆ ಹಾಲಿಗೆ ಇಡಬೇಕು, ಇವಳು ಅದನ್ನು ಮರೆಯುತ್ತಾಳೆ ಎಂದು ತೀರ್ಮಾನಿಸಿದೆ.

"ಬಟ್ಟಿ ಹಿಡದು ಬಿಟ್ಟೇ ಇಡ್ತೀನ್ರಿ ಸರ್ರ," ಅಂದಳು ರೇಣುಕಾ. "ಮಷಿನ್ನಾಗ ಏನೋ ಐತ್ರಿ. ಕೆಂಪು ಲೈಟ್ ಮಿಣಮಿಣ ಅಂತೈತಿ. ಬಂದ್ ಮಾಡಿ ಚಾಲೂ ಮಾಡ್ತೀನಿ, ಹೋಗ್ತೈತಿ. ಮತ್ತ ಬರ್ತೈತಿ."

"ದಿನಕ್ಕ ಎಷ್ಟ ಸಲ ಹಂಗ ಬಂದ್ ಮಾಡಿ ಚಾಲೂ ಮಾಡ್ತಿ?"

"ಮೂರ್ನಾಕು ಸಲ ರೀ. ಪುಸ್ತಕದಾಗ ಹಂಗ ಬರದೈತ್ರಿ."

ನನಗೆ ಬೇಕಾಗಿದ್ದ ಉತ್ತರ ಸಿಕ್ಕಿತು. ಕೆಂಪು ದೀಪ ಅಂದರೆ ಯಂತ್ರಕ್ಕೆ ನೀರು ಸಾಲುತ್ತಿಲ್ಲ ಎಂಬ ಸೂಚನೆ. ನೀರಿನ ಡ್ರಮ್ಮು ತುಂಬಿದ್ದರೂ ದೀಪ ಬರುತ್ತದೆ ಎಂದರೆ ಇವಳು ಸ್ವಿಚ್ ಒತ್ತಿ ಒತ್ತಿ, ನೀರು ತುಂಬಿಸುವುದನ್ನು ನೋಡಿಕೊಳ್ಳುವ ಕಂಟ್ರೋಲರ್ ಕೆಡಿಸಿದ್ದಾಳೆ ಎಂದುಕೊಂಡೆ. ಕೌಂಟರ್ ಹತ್ತಿರ ನಾಲ್ಕು ಗಿರಾಕಿಗಳು, ಶರಣಪ್ಪನವರು, ಪಾತ್ರೆ ತೊಳೆಯುವ ಹೆಂಗಸು ಎಲ್ಲರೂ ನೋಡುತ್ತಿದ್ದರು. ನಾನು ದೊಡ್ಡ ತಿಳಿದವನಂತೆ ಗಾದೆ ಹೇಳಿದೆ.

"ಕುಣೀಲಿಕ್ಕ ಬರದಾಕಿ ನೆಲ ಡೊಂಕು ಅಂದ್ಲಂತ. ಮಷಿನ್ ಛಲೋ ಐತಿ ತಂಗಿ."

ಎಲ್ಲರೂ ನಕ್ಕರು. ರೇಣುಕಾ ನಗಲಿಲ್ಲ. ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಳು. ಸರ್ವಿಸ್ ರಿಪೋರ್ಟ್ ಎಂಬ ಕಾಗದದಲ್ಲಿ "ದೋಷದ ಕಾರಣ" ಎಂಬ ಒಂದು ಸಾಲು ಇರುತ್ತದೆ. ಅಲ್ಲಿ "ಬಳಸುವವರ ತಪ್ಪು" ಎಂದು ಬರೆದು, ನಿಯಮದಂತೆ ಮಾಲೀಕರಿಗೆ ಓದಿ ಹೇಳಿ, ಸಹಿ ತೆಗೆದುಕೊಂಡೆ. ಓದಿ ಹೇಳಿದ್ದು ಎಲ್ಲರ ಕಿವಿಗೂ ಬಿದ್ದಿತು.

ಒಂದು ಸಾಲು ಬರೆಯಲು ನನಗೆ ಅರ್ಧ ನಿಮಿಷ ಹಿಡಿಯಿತು. ಅದರ ಪರಿಣಾಮ ನನಗೆ ಗೊತ್ತಾದದ್ದು ಒಂದು ವಾರದ ಮೇಲೆ, ಮೂರನೇ ಫೋನ್ ಬಂದಾಗ. ಶರಣಪ್ಪನವರು ರೇಣುಕಾಳನ್ನು ಯಂತ್ರದಿಂದ ಇಳಿಸಿ ಪಾತ್ರೆ ತೊಳೆಯುವ ಕಡೆ ಹಾಕಿದ್ದರು. ಹುಬ್ಬಳ್ಳಿಯಿಂದ ಒಬ್ಬ ಕಲಿತವನು ಸೋಮವಾರ ಬರುವವನಿದ್ದ. ಅವನು ಬಂದ ಮೇಲೆ ಅವಳನ್ನು ಇಟ್ಟುಕೊಳ್ಳುವ ವಿಚಾರ ಇರಲಿಲ್ಲ.

"ಆಕಿ ಕೈಗುಣ ಸರಿ ಇಲ್ರಿ," ಅಂದರು ಫೋನಿನಲ್ಲಿ. "ಆದ್ರ ಸಾಹೇಬ್ರ, ಇವತ್ತು ನಾನ ನಿಂತಿದ್ದೆ ಮಷಿನ್ ಮುಂದ. ನನ್ನ ಅಂಗಿ ಮ್ಯಾಲ ಬಿಸಿನೀರು ಹಾರೈತಿ. ಆಕಿ ಕೆಡಿಸಿಟ್ಟು ಹೋಗ್ಯಾಳ ನೋಡ್ರಿ. ಮ್ಯಾಲಿನ ವಾಲ್ವಿನಿಂದ ನೀರು ಪುಸುಪುಸು ಬರಾಕ ಹತ್ತೈತಿ."

ಮೇಲಿನ ವಾಲ್ವ್ ಎಂದರೆ ಸೇಫ್ಟಿ ವಾಲ್ವ್. ಒತ್ತಡ ಮಿತಿ ಮೀರಿದಾಗ ಆವಿಯನ್ನು ಹೊರಬಿಡುವುದು ಅದರ ಕೆಲಸ. ಅಲ್ಲಿಂದ ಆವಿಯ ಬದಲು ನೀರು ಬರುತ್ತದೆ ಎಂಬ ಮಾತು ಕೇಳಿದಾಗ ನನ್ನೊಳಗಿನ ಗಿರಣಿಯ ಆಸಾಮಿ ಎದ್ದು ಕುಳಿತ. ಯಾರೂ ಯಂತ್ರ ಮುಟ್ಟಬಾರದು, ಕರೆಂಟು ತೆಗೆದಿಡಿ ಎಂದು ಹೇಳಿ, ಮರುದಿನ ಶನಿವಾರ ಬೆಳಿಗ್ಗೆ ಎಂಟಕ್ಕೆ ಕುಷ್ಟಗಿ ಮುಟ್ಟಿದೆ.

ಬಾಯ್ಲರ್ ತಣ್ಣಗಿತ್ತು. ಮೊದಲು ನೀರು ಹೊರಬಿಡೋಣ ಎಂದು ಕೆಳಗಿನ ಕಾಕ್‌ಗೆ ಪೈಪು ಸಿಕ್ಕಿಸಿ, ಅದರ ತುದಿಯನ್ನು ಮೋರಿಯಲ್ಲಿ ಬಿಟ್ಟೆ. ಪಾತ್ರೆಯ ತೊಟ್ಟಿಯ ಕಡೆಯಿಂದ ರೇಣುಕಾ ಬಂದಳು. ಮಣಿಕಟ್ಟಿನ ಮೇಲೆ ರೂಪಾಯಿಯಷ್ಟು ಅಗಲದ ಕಲೆ ಇತ್ತು. ಟೊಪ್ಪಿಗೆ ಇರಲಿಲ್ಲ. ಪೈಪನ್ನು ಮೋರಿಯಿಂದ ಎತ್ತಿ, ಬಣ್ಣದ ಕಂಪನಿಯ ಹಳೇ ಬಿಳಿ ಬಕೀಟಿನೊಳಗೆ ಇಟ್ಟಳು.

ಇದರಲ್ಲಿ ವಿಶೇಷ ಏನೂ ಇಲ್ಲ. ಬೇಸಿಗೆಯಲ್ಲಿ ಕುಷ್ಟಗಿಯ ಯಾವ ಹೆಂಗಸೂ ನೀರನ್ನು ಮೋರಿಗೆ ಬಿಡುವುದಿಲ್ಲ. ಅಕ್ಕಿ ತೊಳೆದ ನೀರು ದನಕ್ಕೆ, ಕೈ ತೊಳೆದ ನೀರು ಗಿಡಕ್ಕೆ, ಮಿಕ್ಕಿದ್ದು ಅಂಗಳಕ್ಕೆ. ಮೊದಲ ಭೇಟಿಯಲ್ಲಿ ನಾನು ಬಾಯ್ಲರ್ ಖಾಲಿ ಮಾಡುವಾಗಲೂ ಅವಳು ಹೀಗೇ ಬಕೀಟು ಇಟ್ಟಿರಬೇಕು. ನಾನು ಬೆನ್ನು ಹಾಕಿ ಸ್ವಿಚ್ ಬಿಚ್ಚುತ್ತಿದ್ದೆ, ನೋಡಿರಲಿಲ್ಲ. ಈ ಸಲ ನೋಡುತ್ತ ಕೂತೆ. ಬಕೀಟು ತುಂಬಿತು. ಅಂಚು ಮುಟ್ಟಿತು. ಪೈಪಿನಿಂದ ನೀರು ಇನ್ನೂ ಬರುತ್ತಲೇ ಇತ್ತು. ಅವಳು ಪೈಪಿನ ತುದಿ ಎತ್ತಿ ಪಕ್ಕದಲ್ಲಿ ಮೊದಲೇ ತಂದಿಟ್ಟ ಒಂದು ಬೋಗುಣಿಗೆ ಇಟ್ಟಳು.

ಬಕೀಟಿನ ಮೇಲೆ ಬಣ್ಣದ ಕಂಪನಿಯವರು ದೊಡ್ಡ ಅಕ್ಷರದಲ್ಲಿ ಹತ್ತು ಲೀಟರ್ ಎಂದು ಅಚ್ಚು ಹಾಕಿದ್ದರು.

ಬಾಯ್ಲರ್‌ನಲ್ಲಿ ಇರಬೇಕಾದದ್ದು ಏಳು ಲೀಟರ್.

"ಬೋಗುಣಿ ಯಾಕ ತಂದಿ ತಂಗಿ?" ಎಂದು ಕೇಳಿದೆ.

"ಬಕೀಟು ಸಾಲಂಗಿಲ್ರಿ. ಮದ್ಲನೇ ಸಲ ನೀವು ಬಿಟ್ಟಾಗ ತುಂಬಿ ಚೆಲ್ಲಿತ್ರಿ. ಅದಕ್ಕ ಈ ಸಲ ಬೋಗುಣಿನೂ ತಂದೆ."

"ಆವಾಗೂ ಇಷ್ಟ ಬಂದಿತ್ತು?"

"ಇಷ್ಟ ಬಂದಿತ್ರಿ. ನಿಮಗ ಹೇಳಬೇಕಂದ್ರ ನೀವು ಕೇಳಾವ್ರು ಎಲ್ಲಿ ಇದ್ರಿ?"

ಅಳತೆ ಮಾಡಿದೆ. ಬೋಗುಣಿಯದೂ ಸೇರಿ ಹತ್ತು ಮುಕ್ಕಾಲು ಲೀಟರ್. ಬಾಯ್ಲರ್ ಕಂಠಪೂರ್ತಿ ತುಂಬಿತ್ತು. ಆವಿ ಕೂಡಲು ಜಾಗವೇ ಇರಲಿಲ್ಲ. ಕೊಳವೆ ತಿರುವಿದರೆ ನೀರಲ್ಲದೆ ಇನ್ನೇನು ಬರಬೇಕು? ಮದ್ಲ ನೀರು ನೋಡು ಎಂದಿದ್ದ ಮೇಸ್ತ್ರಿಯ ಮಾತನ್ನು ಹದಿನಾರು ವರ್ಷ ಪಾಲಿಸಿ, ಗಾಜಿನ ಕೊಳವೆ ಇಲ್ಲದ ಯಂತ್ರದ ಮುಂದೆ ನಿಂತ ಕೂಡಲೇ ಮರೆತುಬಿಟ್ಟಿದ್ದೆ. ಅವಳು ಅಡುಗೆಯವಳು. ಪಾತ್ರೆಯಲ್ಲಿ ಎಷ್ಟು ಹಿಡಿಯಿತು ಎಂಬುದನ್ನು ಯಾರೂ ಹೇಳದೆ ಲೆಕ್ಕ ಇಟ್ಟಿದ್ದಳು.

"ನಾ ಹೋದ ಸಲ ತಿರುವಿದಾಗ ಆವಿ ಸರಿ ಬಂತಲ್ಲ?" ಎಂದೆ. ಸೋತವನ ಕೊನೆಯ ವಾದ ಅದು.

"ನೀವು ಬರೂಕಿಂತ ಮದ್ಲ ಒಂದು ಬಸ್ಸಿನ ಮಂದಿಗೆ ಲಿಂಬು ಚಾ ಮಾಡಿದ್ದೆ ರೀ. ಬಿಸಿನೀರು ಅದರಾಗಿಂದನ ತಗೊಳ್ಳೂದು. ದೊಡ್ಡ ಕೆಟಲ್, ಎರಡು ಸಲ."

ಎರಡು ಕೆಟಲ್ ಎಂದರೆ ಮೂರು ಲೀಟರ್ ಕಡಿಮೆಯಾಗಿತ್ತು. ಅಷ್ಟು ಜಾಗದಲ್ಲಿ ಆವಿ ಕೂಡಿತ್ತು. ನನ್ನ ಕೈಗುಣ ಎಂದು ನಾನು ಬೀಗಿದ್ದು ಅವಳ ಲಿಂಬು ಚಹಾದ ಪುಣ್ಯ.

ಇನ್ನು ಉಳಿದದ್ದು ಬಾಯ್ಲರ್ ಯಾಕೆ ತುಂಬುತ್ತದೆ ಎಂಬ ಪ್ರಶ್ನೆ. ಈ ಯಂತ್ರದಲ್ಲಿ ನೀರಿನ ಮಟ್ಟ ನೋಡಲು ಕಣ್ಣಿಲ್ಲ, ಒಂದು ಉಕ್ಕಿನ ಕಡ್ಡಿ ಇದೆ. ಅದನ್ನು ಪ್ರೋಬ್ ಅನ್ನುತ್ತಾರೆ. ಕಂಟ್ರೋಲರ್ ಆ ಕಡ್ಡಿಗೆ ಕೈಗೂ ತಿಳಿಯದಷ್ಟು ಸಣ್ಣ ಕರೆಂಟು ಕೊಡುತ್ತದೆ. ನೀರು ಏರಿ ಕಡ್ಡಿ ಮುಟ್ಟಿದರೆ ಕರೆಂಟು ನೀರಿನ ಮೂಲಕ ಬಾಯ್ಲರ್‌ನ ಮೈಗೆ ಹರಿಯುತ್ತದೆ, ಯಂತ್ರ ಸಾಕು ಎಂದು ನೀರು ನಿಲ್ಲಿಸುತ್ತದೆ. ಎರಡು ನಿಮಿಷ ತುಂಬಿದರೂ ನೀರು ಮುಟ್ಟಿದ ಸುದ್ದಿ ಬರದಿದ್ದರೆ ಕೆಂಪು ದೀಪ ಮಿಣುಕಿಸಿ ತುಂಬುವುದನ್ನು ಬಿಡುತ್ತದೆ. ಬಂದ್ ಮಾಡಿ ಚಾಲೂ ಮಾಡಿದರೆ ಇನ್ನೆರಡು ನಿಮಿಷ ತುಂಬುತ್ತದೆ. ರೇಣುಕಾ ಪುಸ್ತಕದಲ್ಲಿ ಇದ್ದಂತೆ ಮಾಡಿದ್ದಳು. ಪುಸ್ತಕ ಬರೆದವರಿಗೆ ಕುಷ್ಟಗಿ ಗೊತ್ತಿರಲಿಲ್ಲ.

ನೀರು ಪೂರ್ತಿ ಇಳಿದ ಮೇಲೆ ಬಾಯ್ಲರ್ ಮತ್ತೆ ತುಂಬಲು ಬಿಟ್ಟೆ. ನೀರು ಕಡ್ಡಿಯ ಮಟ್ಟ ದಾಟಿದರೂ ಪಂಪು ನಿಲ್ಲಲಿಲ್ಲ. ಆಗ ಕಡ್ಡಿಯ ತಲೆಯಿಂದ ಬಾಯ್ಲರ್‌ನ ಮೈಗೆ ಒಂದು ತುಂಡು ವೈರು ಮುಟ್ಟಿಸಿದೆ. ಟಕ್ ಎಂದು ನಿಂತಿತು. ವೈರು ತೆಗೆದೆ, ಮತ್ತೆ ಶುರುವಾಯಿತು. ಕಂಟ್ರೋಲರ್ ಸರಿ ಇದೆ, ಬಿಚ್ಚಿ ನೋಡಿದರೆ ಕಡ್ಡಿಯ ತುದಿಯಲ್ಲೂ ಪದರು ಇಲ್ಲ. ಹಾಗಾದರೆ ಕರೆಂಟು ದಾಟಿಸದೆ ಇರುವುದು ನೀರು. ಅಂಥ ನೀರನ್ನು ನಮ್ಮ ಜಿಲ್ಲೆಯಲ್ಲಿ ನಾನು ಕಂಡಿರಲಿಲ್ಲ.

ಕಡೆಗೂ ಚೀಲದಿಂದ ಟಿಡಿಎಸ್ ಮೀಟರ್ ತೆಗೆದೆ. ಬಕೀಟಿನಲ್ಲಿ ಅದ್ದಿದೆ. ಐದು ತೋರಿಸಿತು. ಮೀಟರ್ ಕೆಟ್ಟಿದೆ ಎಂದು ನಲ್ಲಿಯ ನೀರಿಗೆ ಅದ್ದಿದೆ, ಒಂಬೈನೂರು ದಾಟಿತು. ಮತ್ತೆ ಬಕೀಟಿಗೆ ಅದ್ದಿದರೆ ಮತ್ತೆ ಐದು. ಒಳ್ಳೆಯ ಕುಡಿಯುವ ನೀರಿಗೂ ನೂರರ ಹತ್ತಿರ ಇರುವುದು ವಾಡಿಕೆ. ಐದು ಅಂದರೆ ಬ್ಯಾಟರಿಗೆ ಹಾಕುವ ನೀರು.

"ಶರಣಪ್ಪಾರ, ನಿಮ್ಮ ಫಿಲ್ಟರ್ ತೋರಸ್ರಿ."

ಅಡುಗೆಮನೆಯ ಹಿಂದಿನ ಗೋಡೆಗೆ ಕರೆದುಕೊಂಡು ಹೋದರು. ಊರಿನ ಶುದ್ಧ ನೀರಿನ ಘಟಕದಿಂದ ಬಂದ ಇಪ್ಪತ್ತು ಲೀಟರಿನ ಕ್ಯಾನುಗಳು ಸಾಲಾಗಿದ್ದವು. ಆ ನೀರು ಅಲ್ಲಿಯೇ ಒಮ್ಮೆ ಆರ್‌ಓ ಯಂತ್ರದಲ್ಲಿ ಸೋಸಿ ಬಂದದ್ದು. ಅದನ್ನು ಡ್ರಮ್ಮಿಗೆ ಸುರಿದು, ಗೋಡೆಗೆ ಹಾಕಿಸಿದ ಇನ್ನೊಂದು ಆರ್‌ಓದಲ್ಲಿ ಮತ್ತೊಮ್ಮೆ ಸೋಸಿ, ಆಮೇಲೆ ಕಾಫಿ ಯಂತ್ರಕ್ಕೆ ಬಿಡುತ್ತಿದ್ದರು. ಎರಡನೆಯದನ್ನು ಸಂಕ್ರಾಂತಿಯ ಹೊತ್ತಿಗೆ ಹಾಕಿಸಿದ್ದರಂತೆ. ಯಂತ್ರದ ತೊಂದರೆ ಶುರುವಾದದ್ದು ಅದಾದ ಮೇಲೆ.

"ಸೋಸಿದ ನೀರನ್ನ ಮತ್ತ ಯಾಕ ಸೋಸಿದ್ರಿ?"

ಮುಜುಗರದಲ್ಲಿ ನಕ್ಕ ಶರಣಪ್ಪನವರು, ಉತ್ತರ ಕೊಡುವ ಮೊದಲು ಬಾಯಿಗೆ ಹಿಡಿದಿದ್ದ ಕೈ ತೆಗೆದರು. ಮುಂದಿನ ಹಲ್ಲುಗಳೆಲ್ಲ ಕಂದು. ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲು. ನಮ್ಮ ಕಡೆ ಅದನ್ನು ನೋಡಿದರೆ ಯಾರೂ ಏನೆಂದು ಕೇಳುವುದಿಲ್ಲ, ಗೊತ್ತಿರುತ್ತದೆ.

"ನೋಡ್ರಿ ಇದನ್ನ," ಅಂದರು. "ಹೆಣ್ಣು ನೋಡಾಕ ಹೋದಲ್ಲೆಲ್ಲಾ ಬಾಯಿ ಮುಚ್ಕೊಂಡು ಕುಂತೀನಿ. ನಮ್ಮಪ್ಪಗ ಮಣಕಾಲು ಮಡಚಾಕ ಬರ್ತಿದ್ದಿಲ್ಲ. ನನ್ನ ಅಂಗಡಿ ನೀರು ಕುಡದು ಒಬ್ಬರಿಗೂ ಹಿಂಗ ಆಗಬಾರದು ಅಂತ ಹಾಕಿಸೀನ್ರಿ. ಒಂದು ಸಲ ಸೋಸಿದ್ರ ಛಲೋ ಅಂದ್ರ ಎರಡು ಸಲ ಸೋಸಿದ್ರ ಇನ್ನೂ ಛಲೋ ಅಲ್ಲೇನ್ರಿ?"

ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬೋರಿನ ನೀರಿಗೆ ಹೆದರಿದ ಊರಿನ ಮನುಷ್ಯ ಬೇರೆ ಏನು ಮಾಡಿಯಾನು? ಗಡಸು ನೀರಿಗೆ ಹೆದರಿದ ಟೆಕ್ನಿಷಿಯನ್ ನಾನು. ಇಬ್ಬರೂ ಒಂದೇ ಭಯದಲ್ಲಿ ಕುರುಡಾಗಿದ್ದೆವು. ನನ್ನ ನಾಲಗೆಗೆ ಉಪ್ಪು ಹೆಚ್ಚಾದದ್ದು ತಿಳಿಯುತ್ತಿತ್ತು. ಉಪ್ಪು ಇಲ್ಲವೇ ಇಲ್ಲ ಎಂಬುದು ಬರೀ ಸಿಹಿ ಎನಿಸುತ್ತಿತ್ತು. ಇನ್ನೊಂದು ಮಾತು ಆಗ ಹೊಳೆಯಿತು. ಮೊದಲ ಭೇಟಿಯಲ್ಲಿ ನಾನು ಬಾಯ್ಲರ್ ತೊಳೆದಾಗ ಲಿಂಬೆಹುಳಿಯ ಅಂಶ ಸ್ವಲ್ಪ ಒಳಗೆ ಉಳಿದಿತ್ತು, ಅದು ಕರೆಂಟು ದಾಟಿಸಿತ್ತು, ಅದಕ್ಕೇ ನನ್ನ ಮುಂದೆ ಎಲ್ಲ ಸರಿ ನಡೆದಿತ್ತು. ಹಳೇ ನೀರಿನಲ್ಲಿ ಅಷ್ಟಿಷ್ಟು ಉಳಿದಿದ್ದ ಲವಣವನ್ನೂ ಅಂದು ನಾನೇ ತೊಳೆದು ಹಾಕಿದ್ದೆ. ಲಿಂಬು ಚಹಾಕ್ಕೆ ಬಿಸಿನೀರು ತೆಗೆದ ಹಾಗೆ ಹುಳಿಯೂ ಹೋಯಿತು. ಹಾಲು ನೀರಾಗುತ್ತಿದ್ದ ಯಂತ್ರವನ್ನು ಕೈ ಸುಡುವ ಯಂತ್ರ ಮಾಡಿದವನು ನಾನು.

"ಒಂದು ಚೆಂಬು ನಲ್ಲಿ ನೀರು ತಾ ತಂಗಿ," ಎಂದೆ.

"ಸಾಹೇಬ್ರ, ಆ ನೀರು ಬ್ಯಾಡ್ರಿ!" ಶರಣಪ್ಪನವರ ದನಿಯಲ್ಲಿ ನಿಜವಾದ ಹೆದರಿಕೆ ಇತ್ತು.

ಆವಿಯ ಬಾಯ್ಲರ್ ನೀರು ಕಾಫಿಗೆ ಹೋಗುವುದಿಲ್ಲ, ಕಾಫಿಯ ನೀರು ಬೇರೆ ಕೊಳವೆಯಲ್ಲಿ ಬರುತ್ತದೆ, ಇದು ಬರೀ ಪರೀಕ್ಷೆ, ಆಮೇಲೆ ಪೂರ್ತಿ ಚೆಲ್ಲುತ್ತೇನೆ ಎಂದು ಒಪ್ಪಿಸಿದೆ. ತುಂಬಿದ ಬಾಯ್ಲರನ್ನು ಮತ್ತೆ ಖಾಲಿ ಮಾಡಿ, ಆ ಬಕೀಟಿನಿಂದ ಒಂದು ಚೆಂಬು ತೆಗೆದು, ಅಷ್ಟೇ ನಲ್ಲಿಯ ನೀರು ಬೆರೆಸಿದೆವು. ಯಂತ್ರದ ಪೈಪನ್ನು ಅದರಲ್ಲಿ ಅದ್ದಿ ಚಾಲೂ ಮಾಡಿದೆ. ಪಂಪು ಗುರುಗುಟ್ಟುತ್ತ ನೀರು ಎಳೆಯಿತು. ಬಕೀಟಿನಲ್ಲಿ ನೀರು ಇಳಿಯುತ್ತ ಬಂತು. ಏಳು ಲೀಟರ್ ಹೋಗುವ ಹೊತ್ತಿಗೆ ಟಕ್ ಎಂದು ತಾನಾಗಿ ನಿಂತಿತು. ಕೆಂಪು ದೀಪ ಬರಲಿಲ್ಲ.

"ಅತಿಯಾದ್ರ ಅಮೃತಾನೂ ವಿಷ ಅಂತಾರಲ್ಲ, ಹಂಗಾತು," ಎಂದರು ಶರಣಪ್ಪನವರು.

ಇಪ್ಪತ್ತು ನಿಮಿಷಕ್ಕೆ ಒತ್ತಡ ಒಂದು ಬಾರ್‌ಗೆ ಏರಿತು. ನಾನು ಕೊಳವೆ ಮುಟ್ಟಲಿಲ್ಲ. ರೇಣುಕಾಳನ್ನು ಕರೆದೆ. ಅವಳು ಕೈ ಒರೆಸಿಕೊಂಡು ಯಂತ್ರದ ಮುಂದೆ ಬಂದಳು. ಸುಟ್ಟ ಕೈ ಹಿಂದೆ ಸರಿಯಿತು, ಇನ್ನೊಂದು ಕೈ ಮುಂದೆ ಬಂತು. ಬಟ್ಟೆ ಹಿಡಿದು ಮೊದಲ ನೀರು ಬಿಟ್ಟಳು. ಬಟ್ಟೆ ಹಿಡಿಯುವುದನ್ನು ಅವಳು ಮರೆಯುತ್ತಾಳೆ ಎಂದು ತೀರ್ಮಾನಿಸಿದವನು ಎದುರಿಗೇ ನಿಂತಿದ್ದೆ. ಆಮೇಲೆ ಆವಿ ಬಂತು, ಒಣ ಆವಿ, ಹರಿತವಾದ ಒಂದೇ ಸದ್ದು. ಹಾಲು ಹಿಡಿದಳು. ನೊರೆ ಎದ್ದು ನಿಂತಿತು.

ಎರಡನೇ ಆರ್‌ಓ ತೆಗೆಸಿದೆ. ಕ್ಯಾನಿನ ನೀರು ಮೀಟರಿನಲ್ಲಿ ಅರವತ್ತು ತೋರಿಸಿತು. ಅಷ್ಟಿದ್ದರೆ ಕಡ್ಡಿಗೆ ಸಾಕು. ಫ್ಲೋರೈಡ್ ಮೊದಲ ಸೋಸುವಿಕೆಯಲ್ಲೇ ಬಹುಪಾಲು ಹೋಗಿರುತ್ತದೆ ಎಂದು ಶರಣಪ್ಪನವರಿಗೆ ಹೇಳಿದೆ. ನನ್ನ ಮಾತನ್ನೇ ನಂಬಬೇಡಿ, ನೀರನ್ನು ಒಮ್ಮೆ ಪರೀಕ್ಷೆಗೆ ಕಳಿಸಿ ಎಂದೂ ಹೇಳಿದೆ. ಕಳಿಸಿದರು, ವರದಿ ಚೊಕ್ಕವಾಗಿ ಬಂತು. ಪರೀಕ್ಷೆಯ ನೀರು ಚೆಲ್ಲಿ, ಕ್ಯಾನಿನ ನೀರು ತುಂಬಿಸಿ, ಮತ್ತೆ ನಾಲ್ಕು ಸಲ ನೋಡಿದೆ. ನಾಲ್ಕೂ ಸಲ ಏಳು ಲೀಟರ್‌ಗೇ ನಿಂತಿತು.

ಹತ್ತೂವರೆಯಾಗಿತ್ತು. ಗಿರಾಕಿಗಳು ಬರಲು ಶುರುವಾಗಿದ್ದರು. ನಾನು ಮೂಲೆಯ ಮೇಜಿನಲ್ಲಿ ಕೂತು ರಿಪೋರ್ಟ್ ಬರೆದೆ. ದೋಷದ ಕಾರಣ ಎಂಬ ಸಾಲಿನ ಪಕ್ಕ ಗುರುತು ಹಾಕಲು ಮೂರು ಚೌಕಗಳೂ ಇದ್ದವು: ಬಿಡಿಭಾಗದ ದೋಷ, ನೀರಿನ ದೋಷ, ಬಳಸುವವರ ತಪ್ಪು. ಸರ್ವಿಸ್‌ನವರ ತಪ್ಪು ಎಂಬ ಚೌಕವನ್ನು ಯಾವ ಕಂಪನಿಯೂ ಅಚ್ಚು ಹಾಕಿಸುವುದಿಲ್ಲ. ನೀರಿನ ದೋಷಕ್ಕೆ ಗುರುತು ಹಾಕಿ, ಶರಣಪ್ಪನವರ ಮುಂದೆ ಸಹಿಗೆ ಇಟ್ಟೆ. ಸೋಮವಾರ ಬರುವವನಿಗೆ ಬೇಡ ಎಂದು ಅವರು ಆಗಲೇ ಫೋನ್ ಮಾಡಿದ್ದರು. ಕೆಲಸ ಮುಗಿಯಿತು ಎಂದು ಚೀಲ ಕಟ್ಟಿದೆ.

"ಸರ್ರ." ರೇಣುಕಾ ಕೌಂಟರ್ ಆಚೆಯಿಂದ ಕರೆದಳು. ಟೊಪ್ಪಿಗೆ ತಲೆಯ ಮೇಲೆ ಇತ್ತು. "ಹೋದ ಸಲದ್ದು ಎಲ್ಲಾರ ಮುಂದ ಓದಿ ಹೇಳಿದ್ರಿ. ಇದನ್ನೂ ಓದ್ರಿ."

ಜೋರಾಗಿ ಹೇಳಲಿಲ್ಲ, ಸಿಟ್ಟೂ ಇರಲಿಲ್ಲ. ಆದರೂ ಅಂಗಡಿಯಲ್ಲಿ ಕೂತಿದ್ದ ಐದಾರು ಜನ ತಿರುಗಿ ನೋಡಿದರು. ಶರಣಪ್ಪನವರು ನೆಲ ನೋಡಿದರು. ಐವತ್ತೈದು ವರ್ಷದ ಗಂಡಸು, ಗಿರಣಿಯ ಬಾಯ್ಲರ್ ಮುಂದೆ ಹದಿನಾರು ವರ್ಷ ಕಳೆದವನು, ಒಂದು ಕಾಗದ ಓದಲು ಹೆದರಿದೆ.

ಮತ್ತೆ ಕೂತೆ. ಚೌಕಗಳ ಕೆಳಗೆ ಪೆನ್ನಿನಿಂದ ನಾಲ್ಕನೇ ಚೌಕ ಬರೆದು ಗುರುತು ಹಾಕಿ, ಸಾಲಿನಲ್ಲಿ ಕಾರಣವನ್ನೂ ಬರೆದೆ. ಆಮೇಲೆ ಎದ್ದು ನಿಂತು, ಸಾಲಿಯ ಹುಡುಗನಂತೆ, ಗಟ್ಟಿಯಾಗಿ ಓದಿದೆ: "ದೋಷದ ಕಾರಣ, ನೀರು ಅತಿ ಶುದ್ಧ ಇದ್ದುದರಿಂದ ಬಾಯ್ಲರ್ ತುಂಬುತ್ತಿತ್ತು. ಎರಡು ಭೇಟಿಯಲ್ಲಿ ಅಳತೆ ಮಾಡದೆ ಹೋದದ್ದು ಸರ್ವಿಸ್‌ನವರ ತಪ್ಪು. ಯಂತ್ರ ನಡೆಸುವ ರೇಣುಕಾ ಅವರದು ಯಾವ ತಪ್ಪೂ ಇಲ್ಲ. ಹಿಂದಿನ ರಿಪೋರ್ಟ್ ರದ್ದು." ಓದಿ ಮುಗಿಸಿ, ಗಾದೆಯನ್ನೂ ವಾಪಸು ತೆಗೆದುಕೊಂಡೆ. "ನೆಲಾನ ಡೊಂಕಿತ್ತು ತಂಗಿ. ನನಗ ಕಾಣಲಿಲ್ಲ."

ಅವಳು ತಲೆ ಆಡಿಸಿ, "ಕುಂದರ್ರಿ, ಕಾಫಿ ಕುಡದು ಹೋಗ್ರಿ," ಅಂದಳು.

ಹುಬ್ಬಳ್ಳಿಯಲ್ಲಿ ನಮ್ಮ ಮ್ಯಾನೇಜರ್ ಆ ಕಾಗದ ನೋಡಿ, ಹೀಗೂ ಬರೆಯುತ್ತಾರಾ ಎಂದು ಬೈದರು. ಬೈಸಿಕೊಂಡೆ. ಕೆಲಸದಿಂದ ತೆಗೆಯಲಿಲ್ಲ. ಹನ್ನೊಂದು ಯಂತ್ರಕ್ಕೆ ಆ ಬಿಸಿಲಿನಲ್ಲಿ ತಿರುಗಲು ಬೇರೆ ಯಾರೂ ಸಿಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಹೋದ ವರ್ಷ ಆ ಕೆಲಸ ಬಿಟ್ಟೆ. ಬಿಡುವ ತನಕ ನನ್ನ ಬೈಕಿನ ಹಿಂದೆ ಹತ್ತು ಲೀಟರಿನ ಒಂದು ಬಣ್ಣದ ಬಕೀಟು ಕಟ್ಟಿರುತ್ತಿತ್ತು. ಯಾವ ಬಾಯ್ಲರ್ ಖಾಲಿ ಮಾಡಿದರೂ ಅದಕ್ಕೇ ಬಿಡುತ್ತಿದ್ದೆ. ನೀರು, ಬೆಂಕಿ, ಆವಿ ಇವನ್ನು ಅಳೆಯಲು ಉಪಕರಣಗಳಿವೆ, ಅವುಗಳನ್ನು ಚೀಲದಿಂದ ಹೊರತೆಗೆಯಬೇಕು ಎಂಬುದು ಒಂದು ಪಾಠ. ಇನ್ನೊಂದು ಪಾಠ ನಾನು ಕಲಿತದ್ದು ರೇಣುಕಾಳಿಂದ. ದೋಷದ ಕಾರಣ ಎಂಬ ಸಾಲನ್ನು ಪೆನ್ಸಿಲಿನಿಂದ ಬರೆದು, ಮಾಲೀಕರಿಗೆ ಕೊಡುವ ಮೊದಲು ಯಂತ್ರದ ಮುಂದೆ ನಿಲ್ಲುವವರ ಕೈಗೆ ಕೊಡುತ್ತಿದ್ದೆ. "ಓದ್ರಿ, ಸರಿ ಐತೇನು ನೋಡ್ರಿ" ಎನ್ನುತ್ತಿದ್ದೆ. ಕೆಲವರು ನಗುತ್ತಿದ್ದರು, ಕೆಲವರು ಗಾಬರಿಯಾಗುತ್ತಿದ್ದರು. ಎರಡು ಸಲ ಮಾತ್ರ, ಒಮ್ಮೆ ಗಂಗಾವತಿಯಲ್ಲಿ, ಒಮ್ಮೆ ಕೊಪ್ಪಳದಲ್ಲೇ, ಓದಿದವರು "ಇದು ಹಿಂಗಲ್ರಿ" ಎಂದು ಅಳಿಸಲು ಹೇಳಿದರು. ಎರಡು ಸಲವೂ ಅವರ ಮಾತೇ ಸರಿ ಇತ್ತು.